ಕಾಣಿಯ ಬೆನ್ನು ಹತ್ತಿ ಹೋದವರಿಗೆ

ಯರಗುಪ್ಪಿ
ಸೋಮವಾರ, ತಾ. ೧೦-೧೧-೧೯೮೬

ಹೊನ್ನಾವರದ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರರೂ ನನ್ನ ಯಜಮಾನರೂ ಆದ ಕುಬೇರಪ್ಪನವರಿಗೆ ರೇವವ್ವ ಮಾಡುವ ಶರಣು ಶರಣಾರ್ಥಿ.

ಈ ಕಡೆ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ಎಲ್ಲರೂ ಕ್ಷೇಮವಾಗಿಯೇ ಇದ್ದಾರೆ, ನಾನೊಬ್ಬಳು ಸಿಟ್ಟಿನಲ್ಲಿದ್ದೇನೆ. ನಿಮ್ಮ ಕಾಗದ ಶುಕ್ರವಾರ ಮುಟ್ಟಿತು. ನಮ್ಮೂರ ಬದಿಯ ಕುಂದಗೋಳದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರ ಜಾಗ ಖಾಲಿಯಾಗಿದೆ, ವರ್ಗಾವಣೆಗೆ ಈ ತಿಂಗಳೊಳಗೆ ಅರ್ಜಿ ಹಾಕಬೇಕು, ಹಾಕಲೋ, ಹೊನ್ನಾವರದಲ್ಲೇ ಇರಲೋ ಎಂದು ಕೇಳಿದ್ದೀರಿ. ಅಷ್ಟು ಕೇಳಿ ಸುಮ್ಮನಿದ್ದರೆ ನನಗೇನೂ ಅನ್ನಿಸುತ್ತಿರಲಿಲ್ಲ. ಕೆಳಗೆ ನಿಮ್ಮ ಆ ಚೆಂದದ ಅಕ್ಷರದಲ್ಲಿ 'ನಿನ್ನ ಇಷ್ಟ' ಎಂದು ಬರೆದಿದ್ದೀರಿ. ಎರಡು ವರ್ಷದ ಹಿಂದೆ ಇದೇ ಮನೆಯ ಹೊಸ್ತಿಲಲ್ಲಿ ಚೀಲ ಹಿಡಿದು ನಿಂತು ನೀವು ಹೇಳಿದ್ದೂ ಇದೇ ಮಾತು. ಅಂದು ನಾನು ಇಲ್ಲೇ ಉಳಿದೆ. ಈಗ ಏನು ಮಾಡಬೇಕೆಂಬುದನ್ನು ಕಾಗದದ ಕೊನೆಗೆ ಬರೆಯುತ್ತೇನೆ. ಅದಕ್ಕೂ ಮೊದಲು ನಿಮಗೆ ಗೊತ್ತಿರುವ ಕೆಲವು ಸಂಗತಿಗಳನ್ನು ನೆನಪು ಮಾಡಿಕೊಡಬೇಕು, ಗೊತ್ತಿಲ್ಲದ ಒಂದೆರಡನ್ನು ಹೇಳಬೇಕು. ಮೀನಿಗಾಗಿ ತಾಸುಗಟ್ಟಲೆ ಮೊಣಕಾಲುದ್ದ ನೀರಿನಲ್ಲಿ ನಿಲ್ಲುವವರಿಗೆ ಹೆಂಡತಿಯ ಕಾಗದ ಉದ್ದವಾಯಿತು ಎನ್ನಿಸಬಾರದು.

ಯಾಕೂಬಸಾಬರ ಕಾರ್ಡು ನೆನಪಿದೆಯೇ? ನಮ್ಮ ಲಗ್ನವಾಗಿ ಎರಡು ವರ್ಷವಾಗಿತ್ತು. ನೀವು ಹೊನ್ನಾವರದಲ್ಲಿ ಅವರ ಹೊಲಿಗೆ ಅಂಗಡಿಯ ಹಿಂದಿನ ಖೋಲಿಯಲ್ಲಿ ಬಾಡಿಗೆಗಿದ್ದಿರಿ, ನಾನು ಇಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಸೊಸೆ ಹೋದರೆ ಸುಗ್ಗಿಗೆ ಕೈ ಸಾಲುವುದಿಲ್ಲ ಎಂದು ಮಾವನವರು, ಮುಂದಿನ ವರ್ಷ ನೋಡೋಣ ಎಂದು ನೀವು. ಯಾಕೂಬಸಾಬರು ಮೊರಬದವರು, ನಮ್ಮ ಕಡೆಯ ಮನುಷ್ಯ, ನಿಮ್ಮ ಊಟದ ಅವಸ್ಥೆ ನೋಡಲಾರದೆ ಮಾವನವರಿಗೊಂದು ಕಾರ್ಡು ಬರೆದರು. ಆಡಿದ ಹಾಗೆಯೇ ಬರೆಯುವವರು ಅವರು. 'ಮಾಸ್ತರ್ರು ಸಾಲಿ ಬಿಟ್ಟ ಕೂಡಲೇ ಕಾಣಿ ಬೆನ್ನ ಹತ್ತಿ ಹೋಗತಾರ. ದೀಪ ಹಚ್ಚಿದ ಮ್ಯಾಲೆ ಬರತಾರ. ಊಟದ ಖಬರಿಲ್ಲ. ಮನಿಯವರನ್ನ ಕಳಸಿದ್ರ ಚಲೋ.'

ಕಾಣಿ ಅಂದರೆ ಕಾಣೆ, ಅದೊಂದು ಸಮುದ್ರದ ಮೀನು ಎಂದು ಎರೆಮಣ್ಣಿನಲ್ಲಿ ಹುಟ್ಟಿ, ಜೋಳ ಕುಸುಬಿ ಬಿಟ್ಟು ಬೇರೆ ಕಾಣದ ಯರಗುಪ್ಪಿಯವರಿಗೆ ಹೇಗೆ ಗೊತ್ತಾಗಬೇಕು? ಕಾರ್ಡು ಓದಿದವರು ನಿಮ್ಮ ತಮ್ಮ. ಕೇಳಿದವರು ಮಾವನವರು, ನಾನು, ಬಾಗಿಲ ಮರೆಯಲ್ಲಿ ಅವರ ಹೆಂಡತಿ, ನನ್ನ ನೆಗೆಣ್ಣಿ ಸುಶೀಲವ್ವ. ಆಮೇಲೆ ಮಾವನವರು ಗಂಟಲು ಸರಿಮಾಡಿಕೊಂಡು, 'ಈ ಕಾಣಿ ಅನ್ನಾಕಿ ಯಾಕಿ?' ಎಂದರು. ಸುಶೀಲವ್ವ ಒಳಗಿನಿಂದಲೇ, 'ಯಾಕಿ ಆದ್ರೇನ್ರಿ, ಅಕ್ಕನ್ನ ಲಗೂನ ಕಳಸ್ರಿ' ಎಂದಳು. ಸುಗ್ಗಿಗೆ ಕೈ ಸಾಲುವುದಿಲ್ಲ ಎಂದಿದ್ದ ಮನುಷ್ಯ ಮರುದಿನವೇ ನನ್ನ ಟ್ರಂಕು ಕಟ್ಟಿಸಿದರು. ಯಾಕೂಬಸಾಬರ ಹೆಂಡತಿ ಹಸನಬಿ ಮೊರಬದ ತವರಿಗೆ ಬಂದವಳು ಹೊರಟು ನಿಂತಿದ್ದಳು, ಅವಳ ಜೊತೆ ಹಚ್ಚಿ ನನ್ನನ್ನು ಹುಬ್ಬಳ್ಳಿಯಲ್ಲಿ ಬಸ್ಸಿಗೆ ಹತ್ತಿಸಿದರು.

ಬಸ್ಸಿನಲ್ಲಿ ನಡೆದದ್ದನ್ನು ನಿಮಗೆ ಇದುವರೆಗೆ ಹೇಳಿಲ್ಲ. ಹೇಳಿದರೆ ಜನ್ಮವಿಡೀ ನಗುತ್ತೀರಿ ಎಂದು ಬಚ್ಚಿಟ್ಟಿದ್ದೆ. ಯಲ್ಲಾಪುರ ದಾಟುವ ತನಕ ಹಲ್ಲು ಕಚ್ಚಿ ಕೂತಿದ್ದೆ. ಘಟ್ಟ ಇಳಿಯುವಾಗ ತಡೆಯಲಾಗಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ, 'ಕಾಣಿ ನೋಡಾಕ ಹೆಂಗರಿ?' ಎಂದು ಕೇಳಿದೆ. ಹಸನಬಿ ಎಲೆ ಅಡಿಕೆ ಅಗಿಯುತ್ತ, 'ಅಗದಿ ಚೆಂದ ನೋಡವ್ವ. ತೆಳ್ಳಗ, ಉದ್ದಕ. ಬಣ್ಣ ಬೆಳ್ಳಿ ಬೆಳ್ಳಿ' ಎಂದಳು. ನನ್ನ ಬಣ್ಣ ನಿಮಗೆ ಗೊತ್ತೇ ಇದೆ. ದಿನಾ ಹೋಗುತ್ತಾರೆಯೇ ಎಂದೆ. 'ದಿನಾ ತಪ್ಪಂಗಿಲ್ಲ. ಆದ್ರ ಕೈಗೆ ಹತ್ತೂದು ಎಲ್ಲೋ ಒಮ್ಮೆ. ಮಾಸ್ತರ್ರ ಕೈ ಮೆತ್ತಗ, ಜಗ್ಗೂದು ಗೊತ್ತಿಲ್ಲ' ಎಂದಳು. ನನ್ನ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಅವಳು ನನ್ನ ತೊಡೆ ತಟ್ಟಿ, 'ಮನಿಗೆ ತಂದ ದಿನ ನಾನ ಖಾರ ಹಚ್ಚಿ ಹುರೀತೀನಿ' ಎಂದುಬಿಟ್ಟಳು. ಒಂದು ಕ್ಷಣ ಹೌಹಾರಿ ಅವಳ ಮುಖವನ್ನೇ ನೋಡಿದೆ. ಆಮೇಲೆ ತಿಳಿಯಿತು. ಗಂಡ ಮೀನು ಹಿಡಿಯುತ್ತಾನೆ ಎಂದು ಗೊತ್ತಾಗಿ ಸಮಾಧಾನಪಟ್ಟ ಲಿಂಗವಂತರ ಹೆಣ್ಣುಮಗಳು ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು.

ಹಸನಬಿ ನನ್ನನ್ನು ಮನೆಗೂ ಕರೆದುಕೊಂಡು ಹೋಗಲಿಲ್ಲ. ಟ್ರಂಕನ್ನು ಅಂಗಡಿಯಲ್ಲಿಟ್ಟು ನೇರ ಹೊಳೆಯಾಚೆಯ ಕಾಸರಕೋಡದ ಸಮುದ್ರ ದಂಡೆಗೆ ನಡೆಸಿದಳು. ಗಾಳಿ ಮರಗಳ ಆಚೆ ಅಷ್ಟು ದೊಡ್ಡ ನೀರನ್ನು ನಾನು ಮೊದಲ ಸಲ ಕಂಡೆ. ಆದರೆ ನೋಡಿದ್ದು ನಿಮ್ಮನ್ನು. ಧೋತರ ಮೇಲೆ ಕಟ್ಟಿ, ಮೊಣಕಾಲುದ್ದ ನೀರಿನಲ್ಲಿ, ಕೈಯಲ್ಲೊಂದು ಕಡ್ಡಿಯಂಥ ಕೋಲು ಹಿಡಿದು ನಿಂತಿದ್ದಿರಿ. ಅತ್ತ ಕಡೆ ಹತ್ತಾರು ಜನ ಸೇರಿ ಹಗ್ಗ ಎಳೆಯುತ್ತ ದೊಡ್ಡ ಬಲೆ ಜಗ್ಗುತ್ತಿದ್ದರು. ಅವರಲ್ಲೊಬ್ಬ ಹಾದುಹೋಗುತ್ತ, 'ಮಾಸ್ತ್ರೇ, ಇದು ಮೀನು ಹಿಡಿಯೂದಲ್ಲ, ಮೀನಿಗೆ ಕಚಗುಳಿ ಇಡೂದು' ಎಂದು ನಕ್ಕ. ನೀವೂ ನಕ್ಕಿರಿ. ನನ್ನನ್ನು ನೋಡಿದ ಮೇಲೆ ಏನು ಹೇಳಬೇಕೆಂದು ತಿಳಿಯದೆ, ಬಂದೆಯಾ ಎಂದೂ ಕೇಳದೆ, ಕೋಲನ್ನು ನನ್ನ ಕೈಗೆ ಕೊಟ್ಟಿರಿ. ಅದಕ್ಕೆ ತೂಕವೇ ಇರಲಿಲ್ಲ.

ಆ ಕೋಲಿನ ಮೇಲೆ ನಾನು ಆಮೇಲೆ ಎಷ್ಟು ಮುನಿಸಿಕೊಂಡೆ, ಎಷ್ಟು ಮೋಹ ಮಾಡಿದೆ. ಯಾಕೂಬಸಾಬರ ಭಾವಮೈದುನ ದುಬೈಯಿಂದ ತಂದುಕೊಟ್ಟದ್ದು ಅದು. ಬುಡದಲ್ಲಿ ಮುಷ್ಟಿಯಷ್ಟು ಗಿರಕಿ, ಅದರಲ್ಲಿ ಯಾಕೂಬಸಾಬರ ಹೊಲಿಗೆ ದಾರಕ್ಕಿಂತ ತೆಳುವಾದ ತಂಗೂಸಿ ಎಂಬ ನೈಲಾನ್ ಎಳೆ, ತುದಿಗೆ ಕಡಲೆ ಕಾಳಿನಷ್ಟು ಸೀಸ, ಮೂಗುಬೊಟ್ಟಿನ ಕೊಂಡಿಯಷ್ಟು ಸಣ್ಣ ಗಾಳ. ಸಮುದ್ರದ ಎದುರು ಇಷ್ಟು ಹಗುರದ ಸಾಮಾನು ಹಿಡಿದು ನಿಲ್ಲುವುದು ಏನು ಹುಚ್ಚು ಎಂದು ಕೇಳಿದ್ದೆ. ದಪ್ಪ ದಾರ ಕಟ್ಟಿದರೆ ಮೀನು ಬಂದದ್ದು ಕೈಗೆ ತಿಳಿಯುವುದಿಲ್ಲ, ಇದರಲ್ಲಾದರೆ ಅದು ಮೂಸಿ ನೋಡಿದ್ದೂ ತಿಳಿಯುತ್ತದೆ ಎಂದಿರಿ. ಬಲದಿಂದ ಎಳೆದರೆ ಹರಿದುಹೋಗುತ್ತದೆ, ಅದು ಓಡಿದರೆ ಬಿಡಬೇಕು, ನಿಂತರೆ ಸುತ್ತಬೇಕು, ಅಷ್ಟೇ ವಿದ್ಯೆ ಎಂದಿರಿ. ಚಿತ್ರ ತೆಗೆಯುವವರ ಕೈ ನಿಮ್ಮದು, ಬಿಡುವುದು ಚೆನ್ನಾಗಿ ಬರುತ್ತಿತ್ತು.

ಗಾಳಕ್ಕೆ ಸೀಗಡಿಯ ತುಣುಕು ಚುಚ್ಚುವುದನ್ನು ನೋಡಿ ನಾನು ಮುಖ ತಿರುಗಿಸಿದ್ದೆ. ಕೊರಳಲ್ಲಿ ಲಿಂಗ ಇಟ್ಟುಕೊಂಡು ಇದನ್ನು ಮುಟ್ಟುವುದಿಲ್ಲ ಎಂದು ಮರುದಿನ ಮನೆಯಿಂದ ರೊಟ್ಟಿಯ ಹಿಟ್ಟಿನ ಉಂಡೆ ತಂದಿದ್ದೆ, ನೆನಪಿದೆಯೇ? ಮೊದಲ ತೆರೆಗೇ ಜೋಳದ ಹಿಟ್ಟು ಕರಗಿ ಹೋಯಿತು. ನೀವು ನಗಲಿಲ್ಲ. ನಗದೇ ಇದ್ದದ್ದಕ್ಕೆ ನಾನೇ ಸೋತು, ವಾರ ಕಳೆಯುವುದರೊಳಗೆ ಕಣ್ಣು ಮುಚ್ಚಿಕೊಂಡು ಸೀಗಡಿ ಚುಚ್ಚಿದೆ. ಹಿಡಿದದ್ದನ್ನು ಬಿಡುವುದಾದರೆ ಮಾತ್ರ ನಾನೂ ಬರುತ್ತೇನೆ ಎಂದು ಹಟ ಹಿಡಿದೆ. ಹಸನಬಿಯ ಒಲೆಗೆ ಅದರಿಂದ ನಷ್ಟವಾಯಿತು, ಪಾಪ. ಬಿಟ್ಟವುಗಳಲ್ಲಿ ಎಷ್ಟು ಬದುಕಿದವೋ, ಆ ಲೆಕ್ಕ ಇಟ್ಟವನು ಶಿವನೊಬ್ಬನೇ.

ಆಮೇಲಿನ ವರ್ಷಗಳನ್ನು ನೆನೆದರೆ ನನಗೆ ಸಂಜೆಗಳಷ್ಟೇ ನೆನಪಾಗುತ್ತವೆ. ನೀರು ಏರುವ ಹೊತ್ತು ನೋಡಿಕೊಂಡು ಅಡಿಗೆ ಮಾಡುತ್ತಿದ್ದೆ. ನೀವು ಸಾಲಿಯಿಂದ ಬಣ್ಣದ ಕೈಯಲ್ಲೇ ಬರುತ್ತಿದ್ದಿರಿ. ನಾನು ಸೀರೆಯ ನಿರಿಗೆ ಎತ್ತಿ ಕಟ್ಟಿಕೊಂಡು ನಿಮ್ಮ ಬಾಜು ನಿಲ್ಲುತ್ತಿದ್ದೆ. ಒಂದೇ ಕೋಲು, ಸರದಿಯ ಮೇಲೆ. ನನ್ನ ಸರದಿಯಲ್ಲಿ ಕಾಣೆ ಹೆಚ್ಚು ಬರುತ್ತಿದ್ದವು. ಅದಕ್ಕೆ ನಿಮಗೆ ಹೊಟ್ಟೆಕಿಚ್ಚಿಲ್ಲದೆ ಇದ್ದದ್ದೇ ನನಗೆ ಹೆಚ್ಚಿನ ಕಿಚ್ಚು. ಮನೆಗೆ ಬಂದು ಕೋಲು ಗಿರಕಿಗಳನ್ನು ಬಾವಿಯ ಸಿಹಿ ನೀರಿನಲ್ಲಿ ತೊಳೆದು, ಉಪ್ಪು ತಿನ್ನಬಾರದೆಂದು ಯಾಕೂಬಸಾಬರ ಮಿಷನ್ನಿನ ಎಣ್ಣೆ ಬಿಡುವುದು ನನ್ನ ಪಾಲಿನ ಕೆಲಸ. ಎರಡು ಸಲ ನನ್ನ ಹೊಟ್ಟೆಯಲ್ಲಿ ನಿಂತದ್ದು ನಿಲ್ಲದೆ ಹೋಯಿತು. ಆ ದಿನಗಳಲ್ಲಿ ಸಮಾಧಾನ ಹೇಳಲು ಬಂದವರೆಲ್ಲ ನನ್ನನ್ನು ಅಳಿಸಿ ಹೋದರು. ನೀವು ಏನೂ ಹೇಳದೆ ದಂಡೆಗೆ ಕರೆದುಕೊಂಡು ಹೋಗಿ ಕೋಲು ಕೈಗೆ ಕೊಟ್ಟಿರಿ. ನಿಮ್ಮ ಮೌನ ನನಗೆ ಹಿಡಿಸಿದ ದಿನಗಳೂ ಇದ್ದವು ಎಂದು ಹೇಳಲಿಕ್ಕೆ ಇದನ್ನು ಬರೆದೆ.

ಈಗ ಆ ದೊಡ್ಡ ಮೀನಿನ ಸಂಜೆಗೆ ಬರುತ್ತೇನೆ. ಅದರ ಹೆಸರು ಯಾರಿಗೂ ಗೊತ್ತಾಗಲಿಲ್ಲ. ಗಾಳ ಕಚ್ಚಿದ್ದೇ ತಡ, ಗಿರಕಿ ಕಿರ್ರೆಂದು ತಿರುಗಲು ಹತ್ತಿತು. ನಾನು ಕಲಿತ ವಿದ್ಯೆಯಂತೆ ಬಿಟ್ಟೆ. ಅದು ಓಡಿತು, ನಾನು ದಂಡೆಗುಂಟ ಅದರ ಹಿಂದೆ ಓಡಿದೆ. ಮತ್ತೂ ಬಿಟ್ಟೆ. ಬಲೆಯವರೆಲ್ಲ ಕೆಲಸ ನಿಲ್ಲಿಸಿ ನೋಡುತ್ತಿದ್ದರು. ನೋಡುತ್ತ ನೋಡುತ್ತ ಎಳೆ ಮುಗಿದು ಗಿರಕಿಯ ಬುಡ ಕಾಣತೊಡಗಿತು. ಏನು ಮಾಡಲಿ ಎಂದು ನಿಮ್ಮ ಕಡೆ ನೋಡಿದೆ. 'ನಿನ್ನ ಇಷ್ಟ' ಎನ್ನುತ್ತೀರಿ ಎಂದುಕೊಂಡಿದ್ದೆ. ನೀವು ನೀರಿಗೆ ಬಿದ್ದು ಎದ್ದು ಓಡಿ ಬರುತ್ತ, ಆ ತೆರೆಯ ಸಪ್ಪಳದಲ್ಲಿ ಕೇಳುವ ಹಾಗೆ, 'ಬಿಡಬ್ಯಾಡ ರೇವಾ, ಬೆರಳಿಡು, ಜಗ್ಗು' ಎಂದು ಕೂಗಿದಿರಿ. ಬೆರಳಿಟ್ಟೆ. ತಂಗೂಸಿ ಚರ್ಮ ಸೀಳಿತು, ಆದರೆ ಎಳೆ ಹರಿಯಲಿಲ್ಲ, ಮೀನು ತಿರುಗಿತು. ದಂಡೆಗೆ ತಂದು, ಅದರ ಮೈ ನೋಡಿ, ಗಾಳ ಬಿಡಿಸಿ ಮತ್ತೆ ನೀರಿಗೆ ಬಿಟ್ಟೆವು. ಊರವರು ನಮಗೆ ತಲೆ ಕೆಟ್ಟಿದೆ ಎಂದರು. ಹತ್ತು ವರ್ಷದ ಸಂಸಾರದಲ್ಲಿ ನೀವು ದನಿ ಎತ್ತಿದ್ದು ಅದೊಂದೇ ದಿನ.

ಈಗ ಹೇಳಿ. ಮೀನಿಗಾಗಿ ಕೂಗಿದ ಮನುಷ್ಯ ನನಗಾಗಿ ಯಾಕೆ ಕೂಗಲಿಲ್ಲ?

ಎರಡು ವರ್ಷದ ಹಿಂದೆ ಮಾವನವರು ಚಕ್ಕಡಿಯಿಂದ ಬಿದ್ದು ತೊಡೆಯ ಎಲುಬು ಮುರಿದುಕೊಂಡಾಗ ಇಬ್ಬರೂ ಕೂಡಿಯೇ ಓಡಿ ಬಂದೆವು. ನೀವು ಅವರಿಗೆ ನೀರು ಕುಡಿಸಲು ಬಗ್ಗಿದಾಗ ಅಂಗಿಯ ಕಿಸೆಯಿಂದ ತಂಗೂಸಿಯ ಸುರುಳಿ, ಗಾಳ ಸಮೇತ, ಹಾಸಿಗೆಯ ಮೇಲೆ ಬಿತ್ತು. ಬಾಜೂ ಮನೆಯ ಮುದಕಪ್ಪ ಅದನ್ನು ಎತ್ತಿ ಮಾವನವರ ಮುಖದ ಮುಂದೆ ಹಿಡಿದು, 'ಇದು ಮೀನದ ಗಾಳ ಅಲ್ಲೇನೋ ಈರಬಸಪ್ಪ?' ಎಂದ. ಮಾವನವರು ಆ ನೋವಿನಲ್ಲೂ ತಲೆ ತಿರುಗಿಸಿ, 'ಈ ಕೈಲೆ ನನಗ ನೀರ ಕೊಡಬ್ಯಾಡ' ಎಂದರು. ಮರುದಿನ ಮುಂಜಾನೆ ನೀವು ಚೀಲ ಹಿಡಿದು ಹೊರಟಿರಿ. ನಾನು ಬರಲೋ, ಇರಲೋ ಎಂದು ಕೇಳಿದೆ. ನೀವು ಹೇಳಿದ್ದು ಮೇಲೆ ಬರೆದಿದ್ದೇನೆ, ಇನ್ನೊಮ್ಮೆ ಬರೆಯಲು ಮನಸ್ಸಿಲ್ಲ. ನಾನು ಒಳಗೆ ಹೋಗಿ ತಂಬಿಗೆ ತುಂಬಿ ಮಾವನವರಿಗೆ ನೀರು ಕೊಟ್ಟೆ. ಅವರು ಕುಡಿದರು. ಅವರ ಮಗನಿಗಿಂತ ಹೆಚ್ಚು ಮೀನು ಹಿಡಿದ ಕೈ ಅದು ಎಂದು ಅವರಿಗೆ ಗೊತ್ತಿರಲಿಲ್ಲ.

ಅವರ ಕಾಲು ಕೂಡಿತು, ಕೋಲೂರಿಕೊಂಡು ಹೊಲದ ತನಕ ಹೋಗಿ ಬರುತ್ತಾರೆ. ಸುಶೀಲವ್ವ ಮನೆಯನ್ನು ಚೊಕ್ಕಾಗಿ ನಡೆಸುತ್ತಾಳೆ. ಮಕ್ಕಳಿಲ್ಲದಾಕೆ ಎಲ್ಲಿದ್ದರೇನು ಎಂದು ಒಮ್ಮೆ ಓಣಿಯ ಹೆಂಗಸರ ಮುಂದೆ ಅಂದಳಂತೆ, ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೂ ಆ ಮಾತು ನನ್ನ ತಾಟಿನಲ್ಲಿ ಬಹಳ ದಿನ ಕೂತಿತ್ತು. ನೀವು ತಿಂಗಳಿಗೊಂದು ಕಾಗದ ಬರೆದಿರಿ. ಹವೆ ಹೇಗಿದೆ, ಸಾಲಿಯಲ್ಲಿ ಏನಾಯಿತು, ಹಸನಬಿ ಕೇಳಿದಳು, ಎಲ್ಲ ಇತ್ತು. 'ಬಾ' ಎಂಬ ಒಂದಕ್ಷರ ಇರಲಿಲ್ಲ. ಪ್ರತಿ ಕಾಗದವನ್ನೂ ನಾನು ಅದಕ್ಕಾಗಿಯೇ ಒಡೆದೆ.

ಇನ್ನು ನಿಮಗೆ ಗೊತ್ತಿಲ್ಲದ ಸಂಗತಿ. ನಿಮ್ಮ ಕಾಗದ ಬಂದ ಶುಕ್ರವಾರ ಸಂಜೆ ಮಾವನವರೂ ಮುದಕಪ್ಪನೂ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ನಾನು ನೀರು ಒಯ್ದೆ. ಮಾವನವರು ತಂಬಿಗೆ ತೆಗೆದುಕೊಳ್ಳುತ್ತ ಮುದಕಪ್ಪನಿಗೆ, 'ಆಂವನ ಕೈ ಕೆಟ್ಟಹೋತು. ನಮ್ಮ ರೇವವ್ವನ ಕೈ ನೋಡು, ಪೂಜಿ ಕೈ' ಎಂದರು. ನಿಮ್ಮ ಕಾಗದ ನನ್ನ ಸೆರಗಿನಲ್ಲೇ ಇತ್ತು. ಸಿಟ್ಟು ನಿಮ್ಮ ಮೇಲಿತ್ತೋ ಅವರ ಮೇಲಿತ್ತೋ, ಬಾಯಿ ತಡೆಯಲಿಲ್ಲ. 'ಮಾವಾರ, ಅವರಕಿಂತ ಹೆಚ್ಚಿಗಿ ಮೀನ ಹಿಡದದ್ದು ಈ ಕೈರಿ' ಎಂದೆ. ಮುದಕಪ್ಪನ ಬಾಯಲ್ಲಿದ್ದ ಶೇಂಗಾ ಹಾಗೇ ಉಳಿಯಿತು. ಮಾವನವರು ತಂಬಿಗೆ ಕೆಳಗಿಟ್ಟು ಎದ್ದು ಒಳಗೆ ಹೋದರು.

ಅಂದು ರಾತ್ರಿ, ಮರುದಿನವೆಲ್ಲ ನೀರು ಸುಶೀಲವ್ವನ ಕೈಯಿಂದ. ನಾನು ಎದುರಿಗೆ ಬಂದರೆ ಗೋಡೆ ನೋಡುತ್ತಿದ್ದರು. ಟ್ರಂಕು ಕಟ್ಟಿಕೊಂಡು ತವರಿಗೆ ಹೋಗುವುದೇ ಬರುತ್ತದೆ ಎಂದು ಅಂದುಕೊಂಡೆ. ನಿನ್ನೆ ಹೊಲದಿಂದ ಬಂದರು. ಸುಶೀಲವ್ವ ತಂಬಿಗೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಅವಳನ್ನು ದಾಟಿ ಕಟ್ಟೆಯ ಮೇಲೆ ಕೂತು, 'ರೇವವ್ವಾ, ನೀರ ತಾ' ಎಂದರು. ಓಡಿ ತಂದ ಅವಸರದಲ್ಲಿ ಅರ್ಧ ನೀರು ಚೆಲ್ಲಿತು. ಉಳಿದದ್ದನ್ನು ಪೂರಾ ಕುಡಿದರು. ಮೀಸೆ ಒರೆಸಿಕೊಂಡು, 'ಆಂವಗ ನೀ ಹೇಳಿಕೊಟ್ಟ್ಯೇನವ್ವಾ, ನಿನಗ ಆಂವ ಹೇಳಿಕೊಟ್ನೇನ?' ಎಂದು ಕೇಳಿದರು. ಅವರೇ ಕಲಿಸಿದ್ದು ಎಂದೆ. 'ಮತ್ತ ನಿನಗ ಹೆಂಗ ಹೆಚ್ಚಿಗಿ ಸಿಗತಿದ್ದವು?' ನಾನು ಬಾಯಿ ತೆರೆಯುವ ಮೊದಲೇ ಅವರೇ, 'ಆಂವ ಸಣ್ಣಂವ ಇದ್ದಾಗಿಂದಾನೂ ಹಂಗ. ಎತ್ತ ಓಡಿದ್ರ ಹಗ್ಗ ಬಿಟ್ಟಬಿಡತಿದ್ದ' ಎಂದು ಕೋಲು ತೆಗೆದುಕೊಂಡು ಎದ್ದರು. ಅವರು ನಗುತ್ತಿದ್ದರೋ ಏನೋ, ಬೆನ್ನಿನಿಂದ ತಿಳಿಯಲಿಲ್ಲ. ನನ್ನ ಕೈಯ ನೀರು ಕುಡಿದವರು ನಿಮ್ಮ ಕೈಯದನ್ನು ಬೇಡ ಎನ್ನಲು ಇನ್ನು ಕಾರಣ ಉಳಿದಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಗೆ ಉತ್ತರ. ಕುಂದಗೋಳಕ್ಕೆ ಅರ್ಜಿ ಹಾಕಬೇಡಿ. ನನಗಾಗಿ ಸಮುದ್ರ ಬಿಟ್ಟು ಬಂದೆ ಎಂಬ ಮುಖ ಹೊತ್ತುಕೊಂಡು ನೀವು ಇಲ್ಲಿ ಮಕ್ಕಳಿಗೆ ಮಾವಿನ ಹಣ್ಣಿನ ಚಿತ್ರ ಬರೆಸುವುದನ್ನು ನಾನು ನೋಡಲಾರೆ. ಸಮುದ್ರ ನಿಮಗೊಬ್ಬರಿಗೇ ಬೇಕಾದದ್ದು ಎಂದು ತಿಳಿದಿದ್ದರೆ ಅದು ನಿಮ್ಮ ತಪ್ಪು ತಿಳುವಳಿಕೆ. ಕೈಗೆ ಆ ಎಳೆಯ ಮಿಡಿತ ತಿಳಿದು ಎರಡು ವರ್ಷವಾಯಿತು. ರೊಟ್ಟಿ ಬಡಿಯುವಾಗ ಬೆರಳು ಸುಮ್ಮಸುಮ್ಮನೆ ಅದನ್ನು ಹುಡುಕುತ್ತದೆ.

ಬರುವ ಶನಿವಾರ ಮುಂಜಾನೆಯ ಸಾಲಿ ಮುಗಿಸಿ ಬಸ್ಸು ಹತ್ತಿರಿ. ಹುಬ್ಬಳ್ಳಿಯಲ್ಲಿ ಉಳಿದು ಭಾನುವಾರ ಇಲ್ಲಿಗೆ ಬನ್ನಿ. ಮಾವನವರು ಕಟ್ಟೆಯ ಮೇಲಿರುತ್ತಾರೆ, ಮುದಕಪ್ಪನೂ ಇರುತ್ತಾನೆ, ಸುಶೀಲವ್ವ ಬಾಗಿಲ ಮರೆಯಲ್ಲಿ ಇದ್ದೇ ಇರುತ್ತಾಳೆ. ಎಲ್ಲರಿಗೂ ಕೇಳುವ ಹಾಗೆ, ಅಂದು ದಂಡೆಯಲ್ಲಿ ಕೂಗಿದ ದನಿಯಲ್ಲಿ, 'ರೇವಾ, ಹೋಗೂಣು ನಡಿ' ಎನ್ನಬೇಕು. ಮಾವನವರಿಗೆ ಹೆದರಬೇಡಿ. ಇಷ್ಟು ದಿನ ಬಿಟ್ಟುಕೊಟ್ಟದ್ದು ಸಾಕು, ಇನ್ನೂ ಬಿಟ್ಟರೆ ಎಳೆ ಉಳಿಯುವುದಿಲ್ಲ. ನೀವು ಬಂದು ಮತ್ತೆ ಅದೇ 'ನಿನ್ನ ಇಷ್ಟ' ಎನ್ನುವುದಾದರೆ ದಯವಿಟ್ಟು ಬಸ್ಸಿಗೆ ತೊಂದರೆ ಕೊಡಬೇಡಿ. ನಾನು ಇಲ್ಲೇ ಇರುತ್ತೇನೆ, ಮತ್ತೆ ಕಾಗದ ಬರೆಯುವುದಿಲ್ಲ.

ಯಾಕೂಬಸಾಬರಿಗೆ, ಹಸನಬಿಗೆ ನನ್ನ ನೆನಪು ಹೇಳಿ.

ಇಂತಿ,
ಇನ್ನೂ ಸಿಟ್ಟಿನಲ್ಲಿಯೇ ಇರುವ
ರೇವವ್ವ

ತಾ.ಕ.: ಅಂಟು ಹಚ್ಚುವ ಮೊದಲು ಇಷ್ಟು ಬರೆಯದೆ ಇರಲಾಗಲಿಲ್ಲ. ಟ್ರಂಕು ಇವತ್ತೇ ಕಟ್ಟಿದ್ದೇನೆ. ನೀವು ಬಂದು, ನಿಮ್ಮ ಸ್ವಭಾವದಂತೆ, ಒಂದು ಮಾತೂ ಆಡದೆ ಅಂಗಳದಲ್ಲಿ ನಿಂತುಬಿಟ್ಟರೂ ನಾನು ನಿಮ್ಮ ಹಿಂದೆ ಹೊರಟು ಬರುತ್ತೇನೆ. ಇದನ್ನು ಮೊದಲೇ ಬರೆದಿದ್ದರೆ ನೀವು ಬಾಯಿ ತೆರೆಯುವುದೇ ಇಲ್ಲ ಎಂದು ಕಡೆಗೆ ಬರೆದೆ. ಆದರೂ ಒಂದು ಸಲ ಕರೆಯಿರಿ.